ಆಸ್ಪತ್ರೆಯಿಂದ ಮನೆಗೆ: ಹಸುಗೂಸನ್ನು ಕಾರ್ ಸೀಟಿನಲ್ಲಿ ಕರೆತರುವ ಕ್ರಮ

ಡಿಸ್ಚಾರ್ಜ್ ದಿನ ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಲ್ಲಿಸಲು ಸಿಗುವುದು ನಾಲ್ಕೈದು ನಿಮಿಷ ಮಾತ್ರ. ಹಿಂದಿನ ಕಾರಿನವರು ಹಾರ್ನ್ ಒತ್ತುತ್ತಿರುತ್ತಾರೆ, ಸೆಕ್ಯೂರಿಟಿಯವರು ಮುಂದೆ ಹೋಗಿ ಎಂದು ಕೈ ಬೀಸುತ್ತಿರುತ್ತಾರೆ, ಬಾಣಂತಿಗೆ ನಿಂತುಕೊಳ್ಳಲೂ ತ್ರಾಣವಿರುವುದಿಲ್ಲ. ಕಾರ್ ಸೀಟಿನ ಡಬ್ಬಿ ಬಿಚ್ಚಿ ಕೈಪಿಡಿ ಓದುವ ಹೊತ್ತು ಅದಲ್ಲ. 35ನೇ ವಾರ ತುಂಬುವಷ್ಟರಲ್ಲಿ ಸೀಟು ಮನೆಗೆ ಬಂದಿರಬೇಕು, ನಿಮ್ಮದೇ ಕಾರಿನಲ್ಲಿ ಕೂತಿರಬೇಕು, ಅದನ್ನು ಕಟ್ಟುವುದು ಬಿಚ್ಚುವುದು ಮನೆಯಲ್ಲಿ ಇಬ್ಬರಿಗಾದರೂ ರೂಢಿಯಾಗಿರಬೇಕು. ಹೆರಿಗೆ ಹೇಳಿದ ದಿನಕ್ಕೇ ಆಗುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ. ಮೊದಲು ಪಟ್ಟಿ ಬಿಗಿಯಬೇಕು, ಆಮೇಲೆ ಹೊದಿಸಬೇಕು. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಆ ಗಂಟನ್ನೇ ಸೀಟಿನಲ್ಲಿಟ್ಟು ಮೇಲಿನಿಂದ ಬೆಲ್ಟ್ ಹಾಕಿದರೆ ಬೆಲ್ಟ್ ಹಿಡಿಯುವುದು ಬಟ್ಟೆಯನ್ನೇ ಹೊರತು ಮಗುವನ್ನಲ್ಲ.

ಮಡಿಲು ಏಕೆ ಸಾಲದು

ಗಂಟೆಗೆ 50 ಕಿಮೀ ವೇಗದ ಕಾರು ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವ 3 ಕೆಜಿಯ ಮಗುವನ್ನು ಹಿಡಿದಿಡಲು ಸುಮಾರು 60 ಕೆಜಿ ಭಾರ ತಡೆಯುವಷ್ಟು ಬಲ ಬೇಕು. ಸಿಮೆಂಟ್ ಮೂಟೆಗಿಂತ ಹೆಚ್ಚಾಯಿತು. ಅದೂ ಮುನ್ಸೂಚನೆಯಿಲ್ಲದೆ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ. ತಾಯಿಯ ಪ್ರೀತಿ ಎಷ್ಟೇ ದೊಡ್ಡದಿರಲಿ, ತೋಳಿಗೆ ಆ ಶಕ್ತಿಯಿಲ್ಲ. ಅಮ್ಮ ಬೆಲ್ಟ್ ಹಾಕಿಕೊಂಡಿಲ್ಲದಿದ್ದರೆ ಇನ್ನೂ ಕೆಟ್ಟದ್ದು: ಮುಂದಿನ ಸೀಟಿಗೂ ಅವರ ಮೈಗೂ ನಡುವೆ ಮಗು ಸಿಕ್ಕಿಕೊಳ್ಳುತ್ತದೆ. ಒಂದೇ ಬೆಲ್ಟನ್ನು ಅಮ್ಮನಿಗೂ ಮಡಿಲ ಮಗುವಿಗೂ ಸೇರಿಸಿ ಹಾಕಿದರೂ ಆಗುವುದು ಇದೇ.

ಹಸುಗೂಸಿನ ತಲೆ ಅದರ ಮೈಯುದ್ದದ ನಾಲ್ಕನೇ ಒಂದು ಭಾಗ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂರಿಸಿದ್ದರೆ ಡಿಕ್ಕಿಯಾದಾಗ ಮೈಯನ್ನು ಪಟ್ಟಿ ತಡೆಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಮಗುವಿನ ಮುಖ ಕಾರಿನ ಹಿಂಬದಿಗೆ ಇದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒರಗುತ್ತವೆ, ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಹಸುಗೂಸಿಗೆ ಹಿಮ್ಮುಖ ಸೀಟೇ ಆಗಬೇಕು ಎನ್ನುವುದು ಇದಕ್ಕೇ.

ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ದಂಡ ಹಾಕುವವರು ಅಪರೂಪ ಎಂದುಕೊಂಡು ಬಿಡಬೇಡಿ, ಸೀಟು ಬೇಕಿರುವುದು ಪೊಲೀಸರಿಗಲ್ಲ.

ಯಾವ ಸೀಟು ಕೊಳ್ಳುವುದು

ಹುಟ್ಟಿದ ದಿನದಿಂದ ಬಳಸುವಂಥವು ಎರಡು ಬಗೆ. ಹಿಡಿಕೆ ಇರುವ, ಮಗುವಿನ ಸಮೇತ ಎತ್ತಿಕೊಂಡು ಹೋಗಬಹುದಾದ ಶಿಶು ಸೀಟು ಒಂದು. ಇದು ಸಾಮಾನ್ಯವಾಗಿ 13 ಕೆಜಿವರೆಗೆ. ಕಾರಿನಲ್ಲೇ ಉಳಿಯುವ, ಮೂರ್ನಾಲ್ಕು ವರ್ಷದವರೆಗೂ ಬರುವ ದೊಡ್ಡ ಸೀಟು ಇನ್ನೊಂದು. ದುಡ್ಡು ಉಳಿಯುತ್ತದೆಂದು ಅನೇಕರು ಎರಡನೆಯದನ್ನೇ ಕೊಳ್ಳುತ್ತಾರೆ. ತಪ್ಪಲ್ಲ, ಆದರೆ ಎರಡೂವರೆ ಕೆಜಿಯ ಮಗುವಿಗೆ ಅಂಥ ಎಷ್ಟೋ ಸೀಟುಗಳ ಕೆಳಗಿನ ಭುಜಪಟ್ಟಿಯೂ ಎತ್ತರವಾಗಿಬಿಡುತ್ತದೆ. ಮೊದಲ ವರ್ಷಕ್ಕೆ ಶಿಶು ಸೀಟೇ ಚೆನ್ನಾಗಿ ಹೊಂದುತ್ತದೆ.

ಅಂಗಡಿಯಲ್ಲಿ ಸೀಟನ್ನು ತಿರುಗಿಸಿ ಲೇಬಲ್ ಹುಡುಕಿ. ಇಂಗ್ಲಿಷಿನ ಇ ಅಕ್ಷರ ವೃತ್ತದೊಳಗೆ ಇದ್ದು, ಪಕ್ಕದಲ್ಲಿ ಅನುಮತಿ ಕೊಟ್ಟ ದೇಶದ ಸಂಖ್ಯೆ ಇರಬೇಕು. ಯುರೋಪಿನ ಮಾನದಂಡವಾದ ‘ಇಸಿಇ ಆರ್44/04’ ಎಂದಿದ್ದರೆ ತೂಕದ ಲೆಕ್ಕದ ಸೀಟು, ಹಸುಗೂಸಿಗೆ ‘0–13 ಕೆಜಿ’ ಎಂದಿರಬೇಕು. ‘ಆರ್129’ ಅಥವಾ ‘ಐ-ಸೈಜ್’ ಎಂದಿದ್ದರೆ ಅಲ್ಲಿನದೇ ಹೊಸ ಮಾನದಂಡ, ಎತ್ತರದ ಲೆಕ್ಕ. ಅದರಲ್ಲಿ 40 ಅಥವಾ 45 ಸೆಂಮೀನಿಂದ ಶುರುವಾಗುವುದನ್ನು ಆರಿಸಿ. ದಿನ ತುಂಬಿ ಹುಟ್ಟಿದ ಮಗು ಸಾಮಾನ್ಯವಾಗಿ 48–50 ಸೆಂಮೀ ಇರುತ್ತದೆ. ಭಾರತದ್ದೇ ಮಾನದಂಡ ಎಐಎಸ್-072. ಇವು ಯಾವುದೂ ಇಲ್ಲದೆ ಬರೀ ‘ಕ್ಯಾರಿ ಕಾಟ್’ ಎಂದು ಮಾರುವ ಬುಟ್ಟಿಗಳಲ್ಲಿ ಕಾರಿನ ಬೆಲ್ಟ್ ಹಾಯಿಸುವ ಜಾಗವೇ ಇರುವುದಿಲ್ಲ. ಅದು ಮನೆಯೊಳಗೆ ಬಳಸುವ ಸಾಮಾನು, ಕಾರಿಗಲ್ಲ.

ನೆಂಟರ ಮನೆಯ ಹಳೇ ಸೀಟು ಬಳಸಬಹುದೇ? ಅದು ಯಾವ ಅಪಘಾತಕ್ಕೂ ಸಿಕ್ಕಿಲ್ಲ ಎಂದು ಅವರು ಖಚಿತವಾಗಿ ಹೇಳಬಲ್ಲರಾದರೆ, ಚಿಪ್ಪಿನ ಮೇಲೆ ಒತ್ತಿರುವ ಅವಧಿ ಮುಗಿದಿಲ್ಲವಾದರೆ, ಪಟ್ಟಿ, ಬಕಲ್, ಒಳಮೆತ್ತೆ, ಕೈಪಿಡಿ ಎಲ್ಲವೂ ಇದ್ದರೆ ಬಳಸಬಹುದು. ಅವಧಿ ಸಾಮಾನ್ಯವಾಗಿ ತಯಾರಾದಾಗಿನಿಂದ 6ರಿಂದ 10 ವರ್ಷ. ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಪ್ಲಾಸ್ಟಿಕ್ ಪೆಡಸಾಗುತ್ತದೆ. ಒಎಲ್‌ಎಕ್ಸ್‌ನಲ್ಲಿ ಗುರುತಿಲ್ಲದವರಿಂದ ಕೊಳ್ಳುವುದು ಬೇಡ, ಅದರ ಪೂರ್ವಾಪರ ತಿಳಿಯುವ ದಾರಿಯಿಲ್ಲ.

ಕೊಳ್ಳುವ ಮುಂಚೆ ನಿಮ್ಮ ಕಾರಿನಲ್ಲಿಟ್ಟು ನೋಡಲೇಬೇಕು. ಶಿಶು ಸೀಟಿನ ಬೆನ್ನನ್ನು ಬಳಸಿ ಬರುವಷ್ಟು ಉದ್ದ ನಮ್ಮ ಎಷ್ಟೋ ಸಣ್ಣ ಕಾರುಗಳ ಹಿಂದಿನ ಬೆಲ್ಟಿಗೆ ಇರುವುದಿಲ್ಲ. ಒಂದು ಗೇಣು ಕಡಿಮೆ ಬಿದ್ದರೂ ಬಕಲ್ ಸೇರದು. ಬೆಲ್ಟ್ ಉದ್ದ ಮಾಡುವ ಎಕ್ಸ್‌ಟೆಂಡರ್ ಹಾಕಬೇಡಿ, ಬೇರೆ ಸೀಟು ನೋಡಿ.

ಕಾರಿನಲ್ಲಿ ಸೀಟು ಕೂರಿಸುವುದು

ಜಾಗ ಹಿಂದಿನ ಎಡಬದಿ. ನಮ್ಮಲ್ಲಿ ಅದು ಫುಟ್‌ಪಾತಿನ ಕಡೆ, ಮಗುವನ್ನು ಇಳಿಸುವಾಗ ಬೆನ್ನಿಗೆ ವಾಹನಗಳು ಬರುವುದಿಲ್ಲ. ಹಿಂದಿನ ನಡುಸೀಟಿಗೆ ಭುಜದ ಮೇಲೂ ಹಾಯುವ ಪೂರ್ತಿ ಬೆಲ್ಟ್ ಇದ್ದು, ಸೀಟು ಉಬ್ಬಿಲ್ಲದೆ ಸಮತಟ್ಟಾಗಿದ್ದರೆ ಅದೂ ಒಳ್ಳೆಯದೇ. ಸೊಂಟಕ್ಕೆ ಮಾತ್ರ ಬರುವ ಬೆಲ್ಟ್ ಇದ್ದರೆ ಅಲ್ಲಿ ಬೇಡ.

ಮುಂದಿನ ಸೀಟು ಬೇಡವೇ ಬೇಡ. 2022ರಿಂದೀಚೆಗೆ ತಯಾರಾದ ಕಾರುಗಳಲ್ಲಿ ಡ್ರೈವರ್ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಹಿಮ್ಮುಖ ಸೀಟಿನ ಬೆನ್ನು ಡ್ಯಾಶ್‌ಬೋರ್ಡಿಗೆ ತೀರ ಹತ್ತಿರ ಇರುವುದರಿಂದ, ಉಬ್ಬುವ ಏರ್‌ಬ್ಯಾಗ್ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ. ಸಣ್ಣ ಡಿಕ್ಕಿಯಲ್ಲೂ ಅದು ಪ್ರಾಣಕ್ಕೆ ಎರವು.

ಬೆಲ್ಟಿನಿಂದ ಕೂರಿಸುವ ಶಿಶು ಸೀಟಿನ ಕ್ರಮ ಹೀಗೆ. ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಪ್ರಮಾಣ.

1. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಸೀಟ್ ಕವರ್ ಅಡಿಯಲ್ಲಿ ಹೂತುಹೋದ ಬಕಲನ್ನು ಹೊರಗೆಳೆಯಿರಿ. ನಮ್ಮ ಕಾರುಗಳಲ್ಲಿ, ಟ್ಯಾಕ್ಸಿಗಳಲ್ಲಂತೂ, ಇದೇ ಮೊದಲ ತೊಡಕು. ನುಣುಪಾದ ರೆಕ್ಸಿನ್ ಕವರ್ ಮೇಲೆ ಸೀಟು ಜಾರುತ್ತಿದ್ದರೆ ಆ ಬದಿಯ ಕವರನ್ನೇ ತೆಗೆದುಬಿಡಿ.

2. ಶಿಶು ಸೀಟನ್ನು ಹಿಮ್ಮುಖವಾಗಿ ಇಟ್ಟು, ಪಕ್ಕದಲ್ಲಿರುವ ಓರೆಗೆರೆ ಅಥವಾ ಗುಳ್ಳೆಯ ಗುರುತು ನೋಡಿ. ಗೆರೆ ನೆಲಕ್ಕೆ ಸಮಾಂತರವಾಗಿರಬೇಕು. ಹಸುಗೂಸಿಗೆ ಸುಮಾರು 45 ಡಿಗ್ರಿ ಒರಗು ಬೇಕು. ಇದಕ್ಕಿಂತ ನೆಟ್ಟಗಾದರೆ ತಲೆ ಎದೆಯ ಮೇಲೆ ಬೀಳುತ್ತದೆ, ತೀರ ಮಲಗಿದರೆ ಡಿಕ್ಕಿಯಲ್ಲಿ ಮಗು ಮೇಲಕ್ಕೆ ಜಾರುತ್ತದೆ.

3. ಕಾರಿನ ಬೆಲ್ಟನ್ನು ಪೂರ್ತಿ ಎಳೆದು, ಸೊಂಟದ ಭಾಗವನ್ನು ಸೀಟಿನ ಎರಡೂ ಅಂಚಿನ ನೀಲಿ ಗುರುತಿನ ಸಂದುಗಳಲ್ಲಿ ಹಾಯಿಸಿ ಬಕಲ್ ಹಾಕಿ. ಭುಜದ ಭಾಗವನ್ನು ಚಿಪ್ಪಿನ ಬೆನ್ನ ಹಿಂದಿರುವ ನೀಲಿ ಗುರುತಿಗೆ ಸಿಕ್ಕಿಸಿ. ಹಿಮ್ಮುಖಕ್ಕೆ ನೀಲಿ, ಮುಂದಕ್ಕೆ ಮುಖವಾದಾಗ ಕೆಂಪು: ಯುರೋಪಿನ ಮಾನದಂಡದ ಸೀಟುಗಳಲ್ಲಿ ಸಾಮಾನ್ಯವಾಗಿ ಇದೇ ರೀತಿ.

4. ಒಂದು ಕೈಯಿಂದ ಸೀಟನ್ನು ಬಲವಾಗಿ ಕೆಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೊದಲು ಸೊಂಟದ ಭಾಗದ, ಆಮೇಲೆ ಭುಜದ ಭಾಗದ ಸಡಿಲವನ್ನೆಲ್ಲ ಎಳೆಯಿರಿ. ಬೆಲ್ಟ್ ತಿರುಚಿರಬಾರದು.

5. ಬೆಲ್ಟ್ ಹಾದ ಜಾಗದ ಹತ್ತಿರ ಸೀಟನ್ನು ಹಿಡಿದು ಅಲ್ಲಾಡಿಸಿ. ಯಾವ ಕಡೆಗೂ 2.5 ಸೆಂಮೀಗಿಂತ ಹೆಚ್ಚು ಅಲುಗಬಾರದು. ತಲೆಯ ಭಾಗ ತುಸು ವಾಲುವುದು ಹಿಮ್ಮುಖ ಸೀಟಿನಲ್ಲಿ ಸಹಜ, ಅದಕ್ಕೆ ಹೆದರಬೇಡಿ.

6. ಹಿಡಿಕೆಯನ್ನು ಕೈಪಿಡಿ ಹೇಳಿದ ಸ್ಥಾನಕ್ಕೆ ತನ್ನಿ. ಕೆಲವದರಲ್ಲಿ ನೆಟ್ಟಗೆ, ಕೆಲವದರಲ್ಲಿ ಹಿಂದಕ್ಕೆ.

ಇಲ್ಲಿ ಕಣ್ಣಿಗೆ ಬೀಳದೆ ಉಳಿಯುವ ದೋಷವೊಂದಿದೆ. ಕಾರಿನ ಬಕಲಿನ ಕಾಂಡ ಉದ್ದವಾಗಿದ್ದರೆ ಬಕಲೇ ಬಂದು ಶಿಶು ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಕೂರುತ್ತದೆ. ಎಳೆದಾಗ ಬಿಗಿಯಾದಂತೆಯೇ ಅನಿಸುತ್ತದೆ. ಆದರೆ ಡಿಕ್ಕಿಯ ಹೊತ್ತಿಗೆ ಬಲವೆಲ್ಲ ಆ ಅಂಚಿನ ಮೇಲೆ ಬಿದ್ದು ಬಕಲ್ ಒಡೆಯಬಹುದು ಅಥವಾ ಬಿಚ್ಚಿಕೊಳ್ಳಬಹುದು. ಪ್ಲಾಸ್ಟಿಕ್‌ಗೆ ತಾಗಬೇಕಾದದ್ದು ಬೆಲ್ಟಿನ ಬಟ್ಟೆ ಮಾತ್ರ. ಹಾಗಾಗದಿದ್ದರೆ ಇನ್ನೊಂದು ಬದಿಯಲ್ಲಿ ಕೂರಿಸಿ ನೋಡಿ, ಅಲ್ಲೂ ಆಗದಿದ್ದರೆ ಆ ಸೀಟು ನಿಮ್ಮ ಕಾರಿಗಲ್ಲ. ಮೆಲ್ಲಗೆ ಎಳೆದರೆ ಬೆಲ್ಟ್ ಲಾಕ್ ಆಗುವುದಿಲ್ಲವಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ನಮ್ಮ ಕಾರುಗಳ ಬೆಲ್ಟ್ ಸಾಮಾನ್ಯವಾಗಿ ಜಗ್ಗಿ ಎಳೆದಾಗಷ್ಟೇ ಲಾಕ್ ಆಗುವಂಥದ್ದು, ಅದು ಕೆಟ್ಟಿಲ್ಲ.

ಐಸೊಫಿಕ್ಸ್ ಬೇಸ್, ಅಂದರೆ ಬೆಲ್ಟಿನ ಬದಲು ಕಾರಿನ ಕೊಂಡಿಗಳಿಗೇ ನೇರ ಸೇರುವ ತಳ, ಇದ್ದರೆ ಕೆಲಸ ಸುಲಭ. ಹಿಂದಿನ ಸೀಟಿನ ಒರಗು ಮತ್ತು ಕೂರುವ ಮೆತ್ತೆಯ ಸಂದಿನಲ್ಲಿ 28 ಸೆಂಮೀ ಅಂತರದಲ್ಲಿ ಎರಡು ಲೋಹದ ಕೊಂಡಿಗಳಿರುತ್ತವೆ. ಬೇಸಿನ ಎರಡೂ ತೋಳು ‘ಟಕ್’ ಎಂದು ಸೇರಿ, ಎರಡೂ ಕಡೆ ಹಸಿರು ಗುರುತು ಕಾಣಬೇಕು. ಆಸರೆ ಕಾಲು ಇದ್ದರೆ ಅದು ಕಾರಿನ ನೆಲವನ್ನೇ ಒತ್ತಬೇಕು. ದಪ್ಪ ಮ್ಯಾಟ್ ತೆಗೆಯಿರಿ. ನೆಲದಡಿ ಸಾಮಾನು ಇಡುವ ಪೆಟ್ಟಿಗೆ ಇರುವ ಕಾರಾದರೆ ಅದರ ಮುಚ್ಚಳದ ಮೇಲೆ ಕಾಲೂರುವಂತಿಲ್ಲ. ಒಂದೇ ಸೀಟಿಗೆ ಐಸೊಫಿಕ್ಸ್ ಮತ್ತು ಬೆಲ್ಟ್ ಎರಡನ್ನೂ ಹಾಕಿದರೆ ಇನ್ನೂ ಭದ್ರ ಎಂಬುದು ತಪ್ಪು ತಿಳಿವಳಿಕೆ. ಕೈಪಿಡಿ ಒಪ್ಪದಿದ್ದರೆ ಒಂದನ್ನೇ ಬಳಸಿ.

ಅಮೆರಿಕದಲ್ಲಿರುವ ಮಕ್ಕಳು, ನೆಂಟರು ಸೀಟು ತಂದುಕೊಡುವುದುಂಟು. ಒಳ್ಳೆಯ ಸೀಟುಗಳೇ, ಆದರೆ ಅಲ್ಲಿನ ಸೀಟಿನಲ್ಲಿ ಎದೆಯ ಮೇಲೊಂದು ಕ್ಲಿಪ್ ಇರುತ್ತದೆ, ಅದು ಕಂಕುಳಿನ ಮಟ್ಟಕ್ಕೆ ಬರಬೇಕು. ಯುರೋಪಿನ ಮಾನದಂಡದ ಸೀಟುಗಳಲ್ಲಿ ಆ ಕ್ಲಿಪ್ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲವೆಂದು ಬೇರೆ ಕ್ಲಿಪ್ ಕೊಂಡು ಸೇರಿಸಬೇಡಿ.

ಮಗುವನ್ನು ಕೂರಿಸುವುದು

ವಾರ್ಡಿನಲ್ಲೇ, ಮಂಚದ ಪಕ್ಕ ಸೀಟನ್ನು ನೆಲದ ಮೇಲಿಟ್ಟು ಕೂರಿಸಿ. ಕಾರಿನ ಬಾಗಿಲಲ್ಲಿ ಬಗ್ಗಿಕೊಂಡು ಮಾಡುವ ಕೆಲಸವಲ್ಲ ಇದು. ಹೊರಡುವ ಮುಂಚೆ ಹಾಲು ಕುಡಿಸಿ, ತೇಗಿಸಿ, ನ್ಯಾಪಿ ಬದಲಿಸಿ.

ಉಡುಪು ತೆಳುವಾಗಿರಲಿ, ಎರಡು ಕಾಲೂ ಬಿಡಿಬಿಡಿಯಾಗಿರಲಿ, ಏಕೆಂದರೆ ನಡುವಿನ ಪಟ್ಟಿ ತೊಡೆಗಳ ಮಧ್ಯೆ ಬರಬೇಕು. ಹತ್ತಿಯ ಜಬಲಾ ಮತ್ತು ನ್ಯಾಪಿ ಸಾಕು. ಉಣ್ಣೆಯ ದಪ್ಪ ಸ್ವೆಟರ್ ಬೇಡ. ಅಜ್ಜಿ ಹೊಲಿದ ಕುಲಾವಿ ತೆಳುವಾಗಿದ್ದರೆ ಹಾಕಿ, ಹಿಂದೆ ಗಂಟಿದ್ದರೆ ಅದು ತಲೆಯನ್ನು ಮುಂದಕ್ಕೆ ದೂಡುತ್ತದೆ, ತೆಗೆದುಬಿಡಿ. ದೃಷ್ಟಿಗೆಂದು ಭುಜಕ್ಕೆ ಚುಚ್ಚಿದ ಪಿನ್ನನ್ನು ಪಟ್ಟಿಯಡಿ ಬಾರದಂತೆ ತೆಗೆದಿಡಿ. ಕಾಲಿಗೆ ಬೆಳ್ಳಿ ಕಡಗ ಇದ್ದರೆ ತೊಂದರೆಯಿಲ್ಲ.

ಪಟ್ಟಿಗಳನ್ನೆಲ್ಲ ಪೂರ್ತಿ ಸಡಿಲಿಸಿ ಅಂಚಿಗೆ ಸರಿಸಿ. ಒಂದು ಕೈ ತಲೆ-ಕತ್ತಿನ ಅಡಿ, ಇನ್ನೊಂದು ಕೈ ಅಂಡಿನಡಿ ಕೊಟ್ಟು ಮಗುವನ್ನು ಇಳಿಸಿ. ಅಂಡು ಸೀಟಿನ ಮೂಲೆಗೆ ಪೂರ್ತಿ ತಾಗಬೇಕು. ಒಂದಂಗುಲ ಮುಂದೆ ಉಳಿದರೂ ಮಗು ಕುಗ್ಗಿ ಗದ್ದ ಎದೆಗೆ ಬೀಳುತ್ತದೆ. ಕೈಗಳನ್ನು ಮೆಲ್ಲಗೆ ಪಟ್ಟಿಗಳೊಳಗೆ ತೂರಿಸಿ ಬಕಲ್ ಹಾಕಿ. ಈಗ ಮೊದಲು ತೊಡೆಯ ಬದಿಯ ಸಡಿಲವನ್ನು ಭುಜದತ್ತ ಎಳೆದು, ಆಮೇಲೆ ಪಾದದ ಬಳಿಯ ಎಳೆಪಟ್ಟಿಯನ್ನು ಜಗ್ಗಿ. ಈ ಕ್ರಮ ತಪ್ಪಿದರೆ ಮೇಲೆ ಬಿಗಿ, ಕೆಳಗೆ ಸಡಿಲ ಉಳಿಯುತ್ತದೆ.

ಸಾಕಷ್ಟು ಬಿಗಿಯಾಯಿತೇ ಎಂದು ನೋಡಲು, ಭುಜದ ಮುಂದಿನ ಕೊರಳೆಲುಬಿನ ಹತ್ತಿರ ಭುಜಪಟ್ಟಿಯನ್ನು ಹೆಬ್ಬೆರಳು-ತೋರುಬೆರಳಲ್ಲಿ ಉದ್ದುದ್ದಕ್ಕೆ ಚಿವುಟಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲವಿದೆ. ಬೆರಳು ಜಾರಿದರೆ ಸರಿಯಾಗಿದೆ. ಎಳೆಯ ಮೈಗೆ ನೋವಾದೀತು ಎಂದು ಹಿರಿಯರು ಸಡಿಲ ಬಿಡಿಸುತ್ತಾರೆ. ಹೀಗೆ ಬಿಗಿದರೆ ನೋವಾಗದು ಎಂದು ಅವರ ಬೆರಳಿನಿಂದಲೇ ಚಿವುಟಿಸಿ ತೋರಿಸಿ, ವಾದ ಅಲ್ಲಿಗೇ ಮುಗಿಯುತ್ತದೆ.

ಭುಜಪಟ್ಟಿ ಚಿಪ್ಪಿನಿಂದ ಹೊರಬರುವ ತೂತು ಮಗುವಿನ ಭುಜದ ಮಟ್ಟದಲ್ಲಿ ಅಥವಾ ತುಸು ಕೆಳಗೆ ಇರಬೇಕು. ಭುಜಕ್ಕಿಂತ ಮೇಲಿದ್ದರೆ ಡಿಕ್ಕಿಯಲ್ಲಿ ಮಗು ಚಿಪ್ಪಿನ ಗುಂಟ ಮೇಲಕ್ಕೆ ಜಾರುವುದನ್ನು ತಡೆಯಲು ಏನೂ ಇರುವುದಿಲ್ಲ. ಹಸುಗೂಸಿಗೆ ಬಹುತೇಕ ಅತಿ ಕೆಳಗಿನ ತೂತೇ ಬೇಕಾಗುತ್ತದೆ. ಅಂಗಡಿಯಿಂದ ಬರುವಾಗ ಪಟ್ಟಿ ನಡುವಿನ ತೂತಿನಲ್ಲಿರುವುದುಂಟು, ಮನೆಯಲ್ಲೇ ಬದಲಿಸಿಟ್ಟುಕೊಳ್ಳಿ.

ತಲೆ ಪಕ್ಕಕ್ಕೆ ವಾಲುತ್ತಿದ್ದರೆ, ಸೀಟಿನೊಂದಿಗೆ ಬಂದ ಒಳಮೆತ್ತೆ ಸಾಕಾಗದಿದ್ದರೆ, ಸಣ್ಣ ಟವೆಲನ್ನು ಸುರುಳಿ ಸುತ್ತಿ ತಲೆಯ ಎರಡೂ ಪಕ್ಕ ಇಡಬಹುದು. ಬೆನ್ನ ಹಿಂದೆ, ತಲೆಯಡಿ, ಪಟ್ಟಿಯಡಿ ಏನನ್ನೂ ಇಡಬೇಡಿ. ಬೇರೆಯಾಗಿ ಮಾರುವ ದಿಂಬು, ಭುಜದ ಮೆತ್ತೆಗಳೂ ಬೇಡ.

ಇಷ್ಟಾದ ಮೇಲೆ ಹೊದಿಸಿ. ಹತ್ತಿಯ ದುಪಟಿಯನ್ನು ಪಟ್ಟಿಗಳ ಮೇಲಿಂದ ಕಂಕುಳಿನವರೆಗೆ. ಮುಖ ತೆರೆದೇ ಇರಲಿ. ಸೊಳ್ಳೆಪರದೆಯನ್ನೋ ಸೆರಗನ್ನೋ ಸೀಟಿನ ಮೇಲೆ ಪೂರ್ತಿ ಇಳಿಬಿಟ್ಟರೆ ಒಳಗೆ ಕಾವು ಏರುತ್ತದೆ, ಮಗು ಕಾಣುವುದೂ ಇಲ್ಲ. ಬಿಸಿಲಿಗೆ ಕಿಟಕಿಗೆ ಪರದೆ ಹಾಕಿ.

ದಾರಿಯಲ್ಲಿ

ಬಾಣಂತಿ ಮಗುವಿನ ಪಕ್ಕ, ಹಿಂದಿನ ಸೀಟಿನಲ್ಲೇ ಕೂರಲಿ. ಸಿಸೇರಿಯನ್ ಆಗಿದ್ದರೆ ಬೆಲ್ಟಿನ ಸೊಂಟದ ಭಾಗ ಹೊಟ್ಟೆಯ ಮೇಲಲ್ಲ, ಹೊಲಿಗೆಗಿಂತ ಕೆಳಗೆ, ತೊಡೆಯ ಬುಡಕ್ಕೆ ಒರಗಿ ಬರಬೇಕು. ಜೊತೆಗಿರುವವರೆಲ್ಲ ಬೆಲ್ಟ್ ಹಾಕಲೇಬೇಕು. ಬೆಲ್ಟಿಲ್ಲದ ದೊಡ್ಡವರೊಬ್ಬರು ಡಿಕ್ಕಿಯಲ್ಲಿ ಮಗುವಿನ ಮೇಲೇ ಬಂದು ಬೀಳಬಹುದು. ಫ್ಲಾಸ್ಕ್, ಟಿಫಿನ್ ಡಬ್ಬಿ, ಡಿಸ್ಚಾರ್ಜ್ ಬ್ಯಾಗು ಕಾರಿನ ಹಿಂದಿನ ಬೂಟಿಗೆ ಹೋಗಲಿ.

ಅರೆಕೂತ ಭಂಗಿಯಲ್ಲಿ ಹಸುಗೂಸಿನ ಭಾರದ ತಲೆ ಮುಂದೆ ಬಾಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಅಳುವುದಕ್ಕೂ ಆಗದೆ ಸುಮ್ಮನಿರುವ ಮಗುವನ್ನು ನಿದ್ದೆ ಬಂದಿದೆ ಎಂದುಕೊಂಡುಬಿಡುತ್ತೇವೆ. ಗದ್ದಕ್ಕೂ ಎದೆಗೂ ನಡುವೆ ಒಂದು ಬೆರಳಿನ ಸಂದು ಯಾವಾಗಲೂ ಇರಬೇಕು, ಪಕ್ಕದಲ್ಲಿರುವವರು ಇದನ್ನು, ತುಟಿಯ ಬಣ್ಣವನ್ನು ನೋಡುತ್ತಲೇ ಇರಬೇಕು. ಮೊದಲ ಕೆಲವು ವಾರ ಒಂದೇ ಓಟಕ್ಕೆ ಅರ್ಧ ಗಂಟೆ ಮೀರದಿದ್ದರೆ ಒಳ್ಳೆಯದು. ಆಸ್ಪತ್ರೆಯಿಂದ ನೇರ ತವರಿಗೆ, ಬೆಂಗಳೂರಿನಿಂದ ಹಾಸನಕ್ಕೋ ಶಿವಮೊಗ್ಗಕ್ಕೋ ಹೊರಡುವ ರೂಢಿ ನಮ್ಮಲ್ಲಿದೆ. ಸಾಧ್ಯವಾದರೆ ಕೆಲವು ವಾರ ಮುಂದೂಡಿ. ಹೋಗಲೇಬೇಕಾದರೆ ಮೊದಲು ಡಾಕ್ಟರನ್ನು ಕೇಳಿ, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಮಗುವನ್ನು ಹೊರತೆಗೆದು ಸಮತಟ್ಟಾಗಿ ಮಲಗಿಸಿ, ಹಾಲು ಕೊಡಿ. ಚಲಿಸುವ ಕಾರಿನಲ್ಲಿ ಹಾಲು ಕುಡಿಸಲು ಪಟ್ಟಿ ಬಿಚ್ಚಲೇಬಾರದು. ಅತ್ತರೂ ನಿಲ್ಲಿಸಿಯೇ ಎತ್ತಿಕೊಳ್ಳಿ.

37 ವಾರ ತುಂಬುವ ಮುಂಚೆ ಹುಟ್ಟಿದ, 2.5 ಕೆಜಿಗಿಂತ ಕಡಿಮೆ ತೂಕದ ಅಥವಾ ಉಸಿರಾಟದ ತೊಂದರೆಯಿದ್ದ ಮಗುವಾದರೆ, ಡಿಸ್ಚಾರ್ಜಿಗೆ ಮುಂಚೆ ನಿಮ್ಮದೇ ಸೀಟನ್ನು ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ) ಒಯ್ದು ಅದರಲ್ಲಿ ಕೂರಿಸಿ ಪರೀಕ್ಷಿಸಲು ಸಾಧ್ಯವೇ ಎಂದು ಡಾಕ್ಟರನ್ನು ಕೇಳಿ. ಮಗುವನ್ನು ಸೀಟಿನಲ್ಲಿ 90ರಿಂದ 120 ನಿಮಿಷ, ಮನೆಯ ದಾರಿ ಇನ್ನೂ ಉದ್ದವಾದರೆ ಅಷ್ಟು ಹೊತ್ತು ಕೂರಿಸಿ, ರಕ್ತದ ಆಮ್ಲಜನಕ, ಎದೆಬಡಿತ, ಉಸಿರು ನೋಡುತ್ತಾರೆ. ಏರುಪೇರಾದರೆ ಮಲಗಿಸಿ ಒಯ್ಯುವ ಕಾರ್ ಬೆಡ್ ಬೇಕಾಗಬಹುದು, ಅಥವಾ ಡಿಸ್ಚಾರ್ಜ್ ಕೆಲವು ದಿನ ತಡವಾಗಬಹುದು. ಸೀಟಿನ ಲೇಬಲಿನಲ್ಲಿ ಕನಿಷ್ಠ ತೂಕ ಬರೆದಿದ್ದರೆ ಮಗು ಅಷ್ಟು ಮುಟ್ಟಿದೆಯೇ ನೋಡಿ.

ಸ್ವಂತ ಕಾರು ಇಲ್ಲದಿದ್ದರೆ

ಶಿಶು ಸೀಟುಗಳಲ್ಲಿ ಹೆಚ್ಚಿನವು ಬೇಸ್ ಇಲ್ಲದೆ, ಬೆಲ್ಟಿನಿಂದಲೇ ಕೂರುತ್ತವೆ, ಆದ್ದರಿಂದ ಓಲಾ, ಊಬರ್‌ಗೂ ಆಗುತ್ತವೆ. ಬುಕ್ ಮಾಡಿದ ಕೂಡಲೇ ಡ್ರೈವರಿಗೆ ಫೋನ್ ಮಾಡಿ, ಹಿಂದಿನ ಬೆಲ್ಟ್ ಮತ್ತು ಬಕಲ್ ಹೊರಗಿವೆಯೇ ಕೇಳಿ, ಇಲ್ಲವೆಂದರೆ ಬೇರೆ ಗಾಡಿ ಕರೆಯಿರಿ. ಬಾಣಂತಿ-ಮಗುವನ್ನು ಮನೆಗೆ ಬಿಡುವ ಸರ್ಕಾರಿ ಆಸ್ಪತ್ರೆಯ ‘ನಗು-ಮಗು’ ವಾಹನದಲ್ಲೂ ಮುಂದಕ್ಕೆ ಮುಖ ಮಾಡಿದ, ಪೂರ್ತಿ ಬೆಲ್ಟಿರುವ ಪ್ರಯಾಣಿಕರ ಸೀಟು ಇದ್ದರೆ ಅದರ ಮೇಲೆ ಶಿಶು ಸೀಟನ್ನು ಕೂರಿಸಬಹುದು. ಪಕ್ಕಕ್ಕೆ ಮುಖ ಮಾಡಿದ ಬೆಂಚಿನ ಮೇಲೆ ಯಾವ ಶಿಶು ಸೀಟೂ ಕೂರದು. ಆಟೊದಲ್ಲಿ ಬೆಲ್ಟೇ ಇಲ್ಲ, ಸೀಟು ಒಯ್ದರೂ ಕಟ್ಟುವುದಕ್ಕೆ ಆಗದು. ಸ್ಕೂಟರ್ ಯೋಚನೆಯೇ ಬೇಡ.

ಸೀಟು ಸಿಗಲೇ ಇಲ್ಲ, ಮನೆಗೆ ಹೋಗಲೇಬೇಕು ಎಂಬ ಸ್ಥಿತಿ ಬಂದರೆ: ಹಿಂದಿನ ಸೀಟು, ಎತ್ತಿಕೊಂಡವರಿಗೆ ಬೆಲ್ಟ್, ಮಗು ಬೆಲ್ಟಿನ ಹೊರಗೆ ತೋಳಿನಲ್ಲಿ, ಹತ್ತಿರದ ದಾರಿ, ಟ್ರಾಫಿಕ್ ಕಡಿಮೆ ಇರುವ ಹೊತ್ತು, ನಿಧಾನದ ವೇಗ. ಇದು ಸುರಕ್ಷಿತವಲ್ಲ, ಅಪಾಯ ತುಸು ಕಡಿಮೆ ಅಷ್ಟೆ. ಅಕ್ಕಪಕ್ಕದಲ್ಲಿ ಸಣ್ಣ ಮಕ್ಕಳಿರುವ ಮನೆಯವರನ್ನು ಕೇಳಿದರೆ ಒಂದು ದಿನಕ್ಕೆ ಸೀಟು ಕೊಡುವವರು ಎಷ್ಟೋ ಜನ ಇರುತ್ತಾರೆ. ಕೇಳಲು ಸಂಕೋಚ ಬೇಡ.

ಮನೆ ಮುಟ್ಟಿದ ಮೇಲೆ

ಆರತಿ ಮುಗಿದ ಕೂಡಲೇ ಮಗುವನ್ನು ಸೀಟಿನಿಂದ ತೆಗೆದು ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ನಿದ್ದೆ ಕೆಟ್ಟೀತು ಎಂದು ಸೀಟಿನಲ್ಲೇ ಬಿಡಬೇಡಿ, ಪಟ್ಟಿ ಸಡಿಲಿಸಿಯಂತೂ ಬಿಡಲೇಬೇಡಿ. ಮಗು ಕೆಳಕ್ಕೆ ಜಾರಿ ಪಟ್ಟಿ ಕುತ್ತಿಗೆಗೆ ಬರುತ್ತದೆ. ಸೀಟನ್ನು ಮೇಜು, ಮಂಚದ ಮೇಲೆ ಇಡುವುದೂ ಬೇಡ.

ನಿಂತ ಕಾರಿನಲ್ಲಿ ಮಗುವನ್ನು ಒಂದು ನಿಮಿಷಕ್ಕೂ ಒಂಟಿಯಾಗಿ ಬಿಡಬಾರದು. ಬೇಸಿಗೆಯಲ್ಲಿ ಬಿಸಿಲಿಗೆ ನಿಂತಿದ್ದ ಕಾರಾದರೆ ಬಕಲನ್ನು ಮುಂಗೈಯಿಂದ ಮುಟ್ಟಿ ನೋಡಿಯೇ ಕೂರಿಸಿ. ಲಸಿಕೆಗೆ ಹೋಗುವ ಹೊತ್ತಿಗೆ ಮಗು ಬೆಳೆದಿರುತ್ತದೆ, ಭುಜಪಟ್ಟಿಯ ತೂತನ್ನು ಮತ್ತೊಮ್ಮೆ ನೋಡಿ. ಆರ್129 ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹಿಮ್ಮುಖವೇ. ಕಾಲು ಮಡಚಿ ಹಿಂದಿನ ಒರಗಿಗೆ ತಾಗುತ್ತಿದೆ ಎಂದು ಯಾರೋ ಹೇಳಿದರೆ ತಿರುಗಿಸಬೇಡಿ. ನೆತ್ತಿ ಚಿಪ್ಪಿನ ಮೇಲಂಚಿಗೆ ಬಂದಾಗ ಅಥವಾ ಲೇಬಲಿನ ತೂಕ ಇಲ್ಲವೇ ಎತ್ತರ ದಾಟಿದಾಗಷ್ಟೇ ಆ ಸೀಟಿನ ಕಾಲ ಮುಗಿಯುವುದು.